ಶಾಲು ನಾನೇ ತರುತ್ತೇನೆ

ಭದ್ರಾವತಿ

ಡಾಕ್ಟರಮ್ಮ ಸುಮನಾ ಅವರಿಗೆ ನಮಸ್ಕಾರ.

ಬಾಹ್ಯಾಕಾಶಕ್ಕೆ ಹೋಗಲು ನಿಮ್ಮ ಜೊತೆ ತರಬೇತಿ ಪಡೆದ ಬೇರೊಬ್ಬರು ಆಯ್ಕೆಯಾದರಂತೆ. ಅದಕ್ಕೇ ನಮ್ಮ ಬಡಾವಣೆಯ ಸಮಿತಿಯವರು ನಿಮ್ಮ ಸನ್ಮಾನವನ್ನು ಕೈಬಿಟ್ಟರು. "ಮೇಲೆ ಹೋಗ್ಲೇ ಇಲ್ವಲ್ಲಮ್ಮ" ಅಂದರು. "ತರಬೇತೀಲಿ ಅವ್ರನ್ನ ಕೂರ್ಸ್ತಿದ್ದ ಆ ಗಿರಗಿರ ತಿರುಗೋ ಕುರ್ಚಿಲಿ ನೀವೊಂದು ನಿಮಿಷ ಕೂತು ತೋರ್ಸಿ ಮಾರಾಯ್ರೆ" ಅಂದೆ.

ನನ್ನ ತಲೆಸುತ್ತಿಗೆ ಎಲ್ಲ ಡಾಕ್ಟರುಗಳೂ "ವಯಸ್ಸಾಯ್ತು" ಎಂದು ಮಾತ್ರೆ ಬರೆದರು. ತರಬೇತಿಯ ನಡುವೆ ರಜೆಗೆ ಬಂದಿದ್ದ ನೀವೊಬ್ಬರೇ, "ನಂಗೊತ್ತು ಕಾಶಮ್ಮ, ನೆಲಾನೇ ಜಾರ್ದಂಗೆ ಆಗುತ್ತೆ" ಎಂದು ಕೈ ಹಿಡಿದು ಕೂತಿರಿ.

ನೀವು ಊರಿಗೆ ಮರಳಿದರೂ ಶಿವಮೊಗ್ಗದ ಕ್ಲಿನಿಕ್ ಇನ್ನೂ ಮುಚ್ಚಿಯೇ ಇದೆ. ಸೋಮವಾರ ಬಾಗಿಲು ತೆಗೆಯಿರಿ. ಶಾಲು ನಾನೇ ತರುತ್ತೇನೆ. ಹೊದಿಸುವಾಗ ನನಗೆ ತಲೆ ಸುತ್ತಿದರೆ ಹಿಡಿದುಕೊಳ್ಳಿ.

ನಿಮ್ಮ ಪೇಷಂಟು,
ಕಾಶಮ್ಮ