ಬಂಡೆಯ ಮೇಲಿಂದ ಕಂಡದ್ದು

ಬುರಾಲಿ ಸರೋವರದ ದಂಡೆ,
ನ್ಯೂ ಸೌತ್ ವೇಲ್ಸ್‌ನ ದಕ್ಷಿಣ ಕರಾವಳಿ,
೧೬ ಏಪ್ರಿಲ್ ೧೯೭೮

ಪ್ರೀತಿಯ ತಮ್ಮ ಸೆಸಿಲ್,

ಬೆನ್ನುನೋವು ಹೇಗಿದೆ? ದಿನವಿಡೀ ಬಗ್ಗಿ ಕುರಿಗಳ ಉಣ್ಣೆ ಕತ್ತರಿಸಿದರೆ ಬೆನ್ನು ಉಳಿಯುವುದಾದರೂ ಹೇಗೆ, ಹೇಳು. ಆ ಒಳನಾಡಿನಲ್ಲಿ ನಿನಗೆ ಮೂರು ಹೊತ್ತೂ ಕುರಿಮಾಂಸವೇ ಗತಿ ಎಂದು ಕೇಳಿ ಟೋಬಿ ಮಾವ ನಕ್ಕ. "ಮೀನು ತಿಂದು ಬೆಳೆದ ಗಂಟಲು, ಅದ್ಹೇಗೆ ಕುರಿ ಇಳಿಸ್ತಾನೋ" ಅಂದ. ಅಮ್ಮನ ಮಂಡಿಯ ಊತ ಇಳಿದಿದೆ. ಕೆಮ್ಮು ಬಿಟ್ಟಿಲ್ಲ, ಆದರೆ ನನ್ನನ್ನು ಬೈಯುವಷ್ಟು ಉಸಿರು ಇದ್ದೇ ಇದೆ, ಹಾಗಾಗಿ ಚಿಂತೆ ಬೇಡ.

ಹೋದ ತಿಂಗಳು ಮಳೆ ಜೋರಾಗಿ ಸರೋವರ ನಮ್ಮ ಬೇಲಿಯವರೆಗೂ ಬಂದಿತ್ತು. ಒಂದು ಬೆಳಿಗ್ಗೆ ಮರಳ ದಿಬ್ಬ ಒಡೆದು ಅಷ್ಟೂ ನೀರು ಸಮುದ್ರಕ್ಕೆ ನುಗ್ಗಿತು. ನಾನು ನೋಡಲು ಹೋಗಿ ಸುಮ್ಮನೆ ನಿಂತುಬಿಟ್ಟೆ. ಅಪ್ಪ ಆ ದಿಬ್ಬದ ಮೇಲೆ ಹಿಮ್ಮಡಿ ಊರಿ ಊರಿ ನಡೆಯುತ್ತಿದ್ದದ್ದು, ಅವನ ಹೆಜ್ಜೆಗುರುತಿನಲ್ಲೇ ಕಾಲಿಟ್ಟು ನಾವಿಬ್ಬರೂ ಹಿಂದೆ ಹೋಗುತ್ತಿದ್ದದ್ದು ನೆನಪಿದೆಯಾ? ಅಲೆ ಹಿಂದೆ ಸರಿದಾಗ ಹಸಿ ಮರಳಲ್ಲಿ ಕಾಲು ತಿರುಗಿಸಿ ತಿರುಗಿಸಿ ಹುದುಗಿದ ಚಿಪ್ಪು ಹುಡುಕುತ್ತಿದ್ದೆವು. ಒಮ್ಮೆ ಏಡಿ ನಿನ್ನ ಹೆಬ್ಬೆರಳು ಹಿಡಿದಾಗ ನೀನು ಅತ್ತು ರಂಪ ಮಾಡಿದೆ. ಅಪ್ಪ ಅದೇ ಏಡಿಯನ್ನು ಕೆಂಡದಲ್ಲಿ ಸುಟ್ಟು ನಿನಗೊಬ್ಬನಿಗೇ ಕೊಟ್ಟ, ನನಗೆ ಒಂದು ಕಾಲನ್ನೂ ಕೊಡಲಿಲ್ಲ. ಆ ಹೊಟ್ಟೆಕಿಚ್ಚು ನನಗೆ ಇನ್ನೂ ಹೋಗಿಲ್ಲ. ಸತ್ತವರ ಹೆಸರು ಹಿಡಿಯಬಾರದೆಂದು ಅವನ ಹೆಸರನ್ನು ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ. ಆದರೆ ಬೂದಿಯಲ್ಲಿ ರೊಟ್ಟಿ ಸುಡುವಾಗೆಲ್ಲ ಅಮ್ಮ ಒಂದು ತುಂಡು ಹೆಚ್ಚಿಗೆ ಮುರಿದಿಡುತ್ತಾಳೆ.

ಮೊನ್ನೆ ಬ್ಯಾಂಕ್ಸಿಯಾ ಮರಗಳ ಹಿಂದಿನ ಕಾಡುದಾರಿಯಲ್ಲಿ ಕಂಬಳಿಹುಳುಗಳು ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿಕೊಂಡು ಸಾಲಾಗಿ ಹೊರಟಿದ್ದವು. ಅಂದರೆ ಮಲೆಟ್ ಮೀನು ಹೊರಟಾಯಿತು, ನಿನಗೆ ನಾನು ಹೇಳಬೇಕೇ. ನೀನು ಹೋದ ಮೇಲೆ ಪ್ರತಿವರ್ಷ ಹುಳುಗಳೂ ಬಂದಿವೆ, ಮೀನೂ ಬಂದಿದೆ, ನಮ್ಮ ಕಣ್ಣೆದುರೇ ಹಾದುಹೋಗಿದೆ. ಬಲೆ ನೀರು ಮುಟ್ಟಿಲ್ಲ. ಮೇಲೆ ಬಂಡೆಯಲ್ಲಿ ನಿಂತು ಮೀನಿನ ಹಿಂಡು ನೋಡಿ ಕೆಳಗಿನವರಿಗೆ ಟೊಪ್ಪಿ ಬೀಸುವವನೇ ಇಲ್ಲದೆ ದೋಣಿ ಇಳಿಸುವುದು ಹೇಗೆ? ಆ ಬಂಡೆಗೆ ಮೀನು ನೋಡಲು ನಿಲ್ಲುವವನನ್ನು ಬಿಟ್ಟು ಬೇರೆ ಯಾರೂ ಹತ್ತುವುದಿಲ್ಲ, ಅದು ತಾತನ ಕಾಲದಿಂದ ಬಂದ ಮಾತು. ಅಪ್ಪ ತೀರಿಹೋದ ಮೇಲಂತೂ ಅದು ಮುಚ್ಚಿದ ಜಾಗ. ಹಸಿ ಎಲೆಯ ಹೊಗೆ ಹಾಕಿ ಸಾವಿನ ಸೂತಕ ಕಳೆದು ತೆರೆಯುವತನಕ ಅತ್ತ ಯಾರೂ ಕಾಲಿಡುವಂತಿಲ್ಲ. ಹೊಗೆ ಹಾಕಬೇಕಾದವಳು ಅಮ್ಮ. ಅವಳು ಇಷ್ಟು ವರ್ಷ ಒಪ್ಪಿರಲಿಲ್ಲ.

ಯಾಕೆಂದು ನಿನಗೆ ಗೊತ್ತು. ಅವತ್ತು ನೀನು ಟೊಪ್ಪಿ ಬೀಸಿದೆ, ಅಪ್ಪ ದೋಣಿ ನೂಕಿದ. ಬಂಡೆಯ ಬುಡಕ್ಕೆ ಬಡಿದು ಹಿಂದಿರುಗಿದ ಅಲೆ ದೋಣಿಯನ್ನು ಮಗುಚಿ ಹಾಕಿತು. ಮಣ್ಣು ಮಾಡಿ ಬಂದ ದಿನ ಎಲ್ಲರೆದುರು ಅಮ್ಮ ನಿನ್ನನ್ನು ಕೇಳಿದಳಲ್ಲ, "ಮೇಲೆ ನಿಂತು ನೋಡ್ತಾ ಇದ್ದೆಯಲ್ಲೋ, ಆ ಅಲೆ ಕಾಣಲಿಲ್ವಾ ನಿಂಗೆ?" ಎಂದು. ಸೂತಕದ ಮನೆಯಲ್ಲಿ ತಾಯಿಗೆ ಎದುರು ಮಾತಾಡಬಾರದೆಂದು ನೀನು ತಲೆ ತಗ್ಗಿಸಿ ಕೂತೆ. ಮಾರನೆಯ ದಿನ ಆ ಟೊಪ್ಪಿಯನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ. ಅವಳು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಸಿಗದಿದ್ದುದನ್ನೇ ಅವಳು ಉತ್ತರ ಅಂದುಕೊಂಡಳು. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬರುತ್ತದೆ, ಸೆಸಿಲ್. ಇಬ್ಬರದೂ ಒಂದೇ ಹಟ.

ಈಗ ಟೋಬಿ ಮಾವನಿಗೂ ವಯಸ್ಸಾಯಿತು. "ನಾನಿರೋವಾಗ್ಲೇ ಒಂದ್ಸಲ ಬಲೆ ಎಳೆದುಬಿಡಿ, ಅಕ್ಕಾ. ನಾನೂ ಹೋದ್ರೆ ಹುಟ್ಟು ಹಾಕೋರೂ ಇರಲ್ಲ" ಎಂದು ಅಮ್ಮನ ಮುಂದೆ ಕೂತು ಹೇಳಿದ. ಅಮ್ಮ ಚಹಾದ ಲೋಟ ಕೆಳಗಿಟ್ಟಳು. ಆಮೇಲೆ "ನಾಳೆ ಹಸಿ ಎಲೆ ಕೊಯ್ದಿಡು" ಅಂದಳು ನನಗೆ. ಬಂಡೆ ಹತ್ತಲು ನಾನೂ ಅವಳ ಜೊತೆಗೆ ಹೋಗುತ್ತೇನೆ, ಮಂಡಿಗೆ ಆಸರೆ ಬೇಕಲ್ಲ. ಬಂಡೆ ತೆರೆದರೂ ನಿಲ್ಲುವ ಜಾಗ ನಿನ್ನದೇ. ಬಾ ಎಂದು ನಾನು ಎಷ್ಟು ಸಲ ಬರೆದಿಲ್ಲ, ಇದು ಇನ್ನೊಂದು ಸಲ.

ಮೈ ಬೆಚ್ಚಗಿಟ್ಟುಕೋ. ನಮ್ಮ ಹಿರಿಯರು ದಾರಿಯುದ್ದಕ್ಕೂ ನಿನ್ನನ್ನು ಕಾಪಾಡಲಿ. ಮಾವ ನಿನ್ನನ್ನು ಕೇಳಿದ್ದಾನೆಂದು ಬರಿ ಅಂದಿದ್ದಾನೆ.

ನಿನ್ನ ಅಕ್ಕ,
ಎಲ್ಮಾ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಬಂಡೆಯಿಂದ ಇಳಿದು ಬಂದೆವು, ಅಂಚೆಯ ಗಾಡಿ ಬರುವುದರೊಳಗೆ ಗೀಚುತ್ತಿದ್ದೇನೆ. ಅಮ್ಮ ಎಲೆಯ ಹೊಗೆ ಹಾಕಿದಳು. ಆಮೇಲೆ ನೀನು ನಿಲ್ಲುತ್ತಿದ್ದ ಕಡೆಯೇ ನಿಂತು ಕೆಳಗೆ ನೋಡಿದಳು. ದೋಣಿ ಇಳಿಸುವ ಮರಳು ಕಾಣುತ್ತದೆ, ದೂರದಲ್ಲಿ ಮೀನಿನಿಂದ ಕಪ್ಪಾದ ನೀರು ಕಾಣುತ್ತದೆ. ಅಲೆ ಬಡಿದು ಹಿಂದಿರುಗುವ ಬುಡದ ಆ ಮೂಲೆ ಮಾತ್ರ ಮುಂದಕ್ಕೆ ಚಾಚಿದ ಬಂಡೆಯ ಹೊಟ್ಟೆಯ ಮರೆಯಲ್ಲಿದೆ. ಅಮ್ಮ ಆ ಕಡೆ ಸರಿದಳು, ಈ ಕಡೆ ಸರಿದಳು, ನನ್ನ ಕೈ ಹಿಡಿದು ಬಗ್ಗಿಯೂ ನೋಡಿದಳು. "ಇಲ್ಲಿಂದ ಕಾಣೋದೇ ಇಲ್ಲ ಕಣೇ" ಅಂದಳು. ಅಲ್ಲೇ ಕೂತು ಅತ್ತಳು, ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. "ನಾನು ಹತ್ತಿ ನೋಡಿದೆ ಅಂತ ಬರಿ. ಕೇಳಬಾರದ್ದು ಕೇಳಿದೆ ಅಂತ ಬರಿ" ಅಂದಳು. ಬರೆದಿದ್ದೇನೆ. ಮಾವ ಬಲೆಯನ್ನು ದೋಣಿಗೆ ಹಾಕಿದ್ದಾನೆ. ಬರುವಾಗ ಆ ಟೊಪ್ಪಿ ತಾ.