ನಲವತ್ತಮೂರು ಚುಕ್ಕಿಗಳ ನಕ್ಷೆ

ದ್ವೀಪ ಪ್ರವಾಸೋದ್ಯಮದ ಮಾನ್ಯ ನಿರ್ದೇಶಕರೇ,

ನಮ್ಮ ಅಧ್ಯಯನ ಕೇಂದ್ರದ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಸಂಗತಿಯೊಂದು ಮೊನ್ನೆ ಸೋಮವಾರ ನಡೆಯಿತೆಂದು ತಿಳಿಸಲು ಹರ್ಷಿಸುತ್ತೇನೆ: ನಮಗೆ ಬಣ್ಣದ ಕರಪತ್ರವೊಂದು ಬಂತು. ತೇವಕ್ಕೆ ಗೋಡೆಯ ಕ್ಯಾಲೆಂಡರೂ ಸುರುಳಿ ಸುತ್ತಿಕೊಳ್ಳುವ ಈ ಕೋಣೆಯಲ್ಲಿ ಅದು ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಒಳಪುಟದಲ್ಲಿ ಉತ್ತರ ದಂಡೆಯ ನಕ್ಷೆ, ಅದರ ಮೇಲೆ ನಲವತ್ತಮೂರು ಚುಕ್ಕಿ. ಅಷ್ಟನ್ನೂ ಇಟ್ಟವಳು ನಾನು. ಕಡಲಹಕ್ಕಿಗಳು ವರ್ಷವೂ ಬಂದು ಮೊಟ್ಟೆಯಿಡುವ ಆ ಜಾಗಗಳನ್ನು ಯಾರೂ ತುಳಿಯದಿರಲಿ ಎಂದು ಕೊಟ್ಟ ನಕ್ಷೆಯನ್ನೇ ತಾವು ಜನರನ್ನು ಅಲ್ಲಿಗೆ ಕರೆಯಲು ಅಚ್ಚು ಹಾಕಿಸಿದ್ದೀರಿ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ; ಬೇಲಿ ಊಟಕ್ಕೆ ಆಮಂತ್ರಣ ಅಚ್ಚು ಹಾಕಿಸುವುದು ಹೊಸದು.

ಆ ದಂಡೆಯ ಗುಟ್ಟು ನನ್ನದಲ್ಲ. ನಮ್ಮನ್ನು ಕರೆದೊಯ್ಯುವ ದೋಣಿಯವನದು, ಅವನಿಗಿಂತ ಮೊದಲು ಅವನ ತಾಯಿಯದು. ಮೊಟ್ಟೆಗೆ ಮರಳಿನದೇ ಬಣ್ಣ. ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಅದಕ್ಕೇ ಆ ಮನೆಯವರು ಅಲ್ಲಿ ಬರಿಗಾಲಲ್ಲಿ, ಒಬ್ಬರ ಹೆಜ್ಜೆಗುರುತಿನೊಳಗೆ ಇನ್ನೊಬ್ಬರು ಹೆಜ್ಜೆಯಿಟ್ಟು ನಡೆಯುತ್ತಾರೆ. ನಮಗೆ ಆ ಜಾಗ ತೋರಿಸಲು ಅವನು ಎರಡು ವರ್ಷ ಒಪ್ಪಲಿಲ್ಲ. "ನೀವು ಒಳ್ಳೇವ್ರೇ ಅಕ್ಕಾ, ನಿಮ್ ಕಾಗದ ಕಂಡ್ರೇ ನಂಗೆ ಭಯ," ಅಂದಿದ್ದ. ನಾನು ನಕ್ಕಿದ್ದೆ. ಓದಿದವಳಲ್ಲವೇ.

ಕಳೆದ ವರ್ಷ ತಾವು ಬಂದಾಗ ಬೂಟು ಕೈಯಲ್ಲಿ ಹಿಡಿದು, ಅವನ ಹೆಜ್ಜೆಯೊಳಗೇ ಹೆಜ್ಜೆಯಿಟ್ಟು ನಡೆದಿರಿ. "ಈ ಸಾಹೇಬ್ರು ಪರ್ವಾಗಿಲ್ಲ, ನೆಲ ನೋಡ್ಕೊಂಡ್ ನಡೀತಾರೆ," ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ. ಕಾವಲುಗಾರರಿಗಾಗಿ ನಿಖರವಾದ ಜಾಗ ಬೇಕೆಂದು ತಾವು ಕೇಳಿದಿರಿ. ಹೊರಗಿನವರಿಗೆ ಗೂಡುಗಳನ್ನು ಅಗಲವಾದ ಒಂದು ವೃತ್ತದಲ್ಲಷ್ಟೇ ತೋರಿಸಬೇಕು, ಚುಕ್ಕಿಯಿಡಬಾರದು ಎಂಬುದು ನಮ್ಮ ಕೇಂದ್ರದ ನಿಯಮ. ವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅದನ್ನು ಪಾಠ ಮಾಡುವವಳು ನಾನೇ. ತಮ್ಮ ಬರಿಗಾಲು ಕಂಡು ಮರುಳಾಗಿ ಚುಕ್ಕಿಯಿಟ್ಟೆ. ಕಾವಲುಗಾರರು ಇನ್ನೂ ಬಂದಿಲ್ಲ. ಕರಪತ್ರ ಬಂತು: "ಗೂಡುಗಳ ನಡುವೆ ಬರಿಗಾಲ ನಡಿಗೆ, ತಂಡಕ್ಕೆ ಅರವತ್ತು ಮಂದಿ." ಅರವತ್ತು ಮಂದಿ ಯಾರ ಹೆಜ್ಜೆಯೊಳಗೆ ಹೆಜ್ಜೆಯಿಡುತ್ತಾರೆ ಸ್ವಾಮಿ? ಗದ್ದಲಕ್ಕೆ ಹಕ್ಕಿ ಎದ್ದು ಹಾರಿದರೆ ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಅದನ್ನು ತಮಗೆ ಕೊಟ್ಟ ವರದಿಯ ಎಂಟನೇ ಪುಟದಲ್ಲಿ ಬರೆದಿದ್ದೆ. ನಕ್ಷೆ ಏಳನೇ ಪುಟದಲ್ಲಿತ್ತು. ತಮ್ಮ ಓದು ಅಲ್ಲಿಗೇ ನಿಂತಿರಬೇಕು.

ಕರಪತ್ರವನ್ನು ದೋಣಿಯವನಿಗೆ ನಾನೇ ತೋರಿಸಿದೆ. ಬೈಯಲಿಲ್ಲ. "ಅಮ್ಮಂಗೆ ನೀವೇ ಹೇಳಿ ಅಕ್ಕಾ, ನನ್ನಿಂದಾಗಲ್ಲ," ಎಂದು ಹಗ್ಗ ಸುತ್ತುತ್ತ ಕೂತ. ಅಂದಿನಿಂದ ನಮ್ಮ ಜೆಟ್ಟಿಗೆ ಅವನ ದೋಣಿ ಬಂದಿಲ್ಲ.

ಮೊದಲ ತಂಡ ಬರುವುದು ಶನಿವಾರ. ಮೊಟ್ಟೆ ಒಡೆಯಲು ಇನ್ನೂ ಹನ್ನೆರಡು ದಿನ ಬೇಕು. ಪ್ರವಾಸ ರದ್ದು ಮಾಡಿ. ಮರಿಗಳು ಹಾರುವವರೆಗೆ ದಂಡೆ ಮುಚ್ಚಿ. ಇದು ನನ್ನ ಒತ್ತಾಯ.

ಜೊತೆಗೊಂದು ಚಿಕ್ಕ ಉಪಕಾರ. ಚುಕ್ಕಿಯಿಟ್ಟವಳು ನಾನೆಂದು ಆ ತಾಯಿಗೆ ಹೇಳಿ ಬಂದಿದ್ದೇನೆ. ಅಚ್ಚು ಹಾಕಿಸಿದವರು ಯಾರೆಂದು ತಾವು ಹೇಳಿ. ಸಂಜೆ ನಾಲ್ಕರ ಮೇಲೆ ಅವರು ಮನೆಯಲ್ಲಿರುತ್ತಾರೆ. ನಂಬರನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ಫೋನನ್ನು ಬಲಗಿವಿಗೆ ಹಿಡಿಯಲು ಹೇಳಿ, ಎಡಗಿವಿ ಅವರಿಗೆ ಕೇಳಿಸದು.

ಇಂತಿ,
ನಿಯಮ ಪಾಠ ಮಾಡುವ, ಪಾಲಿಸದ ನಕ್ಷೆಗಾರ್ತಿ