ಅಪ್ಪಣೆಯಿಲ್ಲದ ಹಲಗೆ

ಊರಂಚಿನ ಸಂರಕ್ಷಿತ ಹುಲ್ಲುಗಾವಲು ಮತ್ತು ಜೌಗು ನೆಲದ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹಲಗೆ ನಿಮ್ಮ ಕಚೇರಿಯಲ್ಲಿದೆ. ದಯವಿಟ್ಟು ಅದನ್ನು ಇದ್ದ ಜಾಗದಲ್ಲೇ ಹಾಕಿಸಿ. ಇಷ್ಟು ಹೇಳಲು ನಾಲ್ಕು ಸಲ ಬಂದೆ; ನಾಲ್ಕು ಸಲವೂ ತಾವು ಸ್ಥಳ ಪರಿಶೀಲನೆಗೆ ಹೋಗಿದ್ದಿರಿ. ಯಾವ ಸ್ಥಳವೋ ತಿಳಿಯದು, ಜೌಗಿನ ಕಡೆಗಂತೂ ತಾವು ಪಾದ ಬೆಳೆಸಿದ ಸುದ್ದಿಯಿಲ್ಲ. ಆದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಡಗಿ. ನನ್ನ ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದಳು, ಅಂದಿನಿಂದ ಗಾಲಿಕುರ್ಚಿಯೇ ಗತಿ. ವಾರಕ್ಕೊಂದೇ ಅವಳ ಸಂಭ್ರಮ: ಭಾನುವಾರ ಬೆಳಿಗ್ಗೆ ನಿಮ್ಮ ಹುಲ್ಲುಗಾವಲು ದಾಟಿ, ಜೌಗಿನ ಮೇಲಿನ ಹಲಗೆದಾರಿಯಲ್ಲಿ ಸಾಗಿ, ಅದರ ತುದಿಯ ಗುಡಿಸಲಲ್ಲಿ ಕೂತು ಹಕ್ಕಿ ನೋಡುವುದು. ಕಂಡ ಹಕ್ಕಿಗೆಲ್ಲ ವಾರ್ಡಿನ ಹೆಸರಿಟ್ಟಿದ್ದಾಳೆ. ಒಂಟಿ ಕಾಲಲ್ಲಿ ನಿಲ್ಲುವ ಕೊಕ್ಕರೆ 'ಆರನೇ ಬೆಡ್ಡಿನವನು'. ಒಂದು ಕಡೆ ನಿಲ್ಲದ ಬಾತುಕೋಳಿ 'ಡಿಸ್ಚಾರ್ಜ್ ಕೇಳೋಳು'. ನಿಮ್ಮ ದ್ವಾರದಲ್ಲಿ 'ನಿಸರ್ಗ ಎಲ್ಲರದು' ಎಂದು ಬರೆಸಿದ್ದೀರಲ್ಲ, ಅದನ್ನು ಮನಸಾರೆ ನಂಬಿದವರಲ್ಲಿ ಅವಳೂ ಒಬ್ಬಳು.

ಮೂರು ತಿಂಗಳ ಹಿಂದೆ ಆ ದಾರಿಯ ಹಲಗೆಯೊಂದು ಕೊಳೆತು ಮುರಿಯಿತು. ಒಂದೇ ಒಂದು. ನಿಮಗೂ ನನಗೂ ಅದು ಉದ್ದನೆಯ ಒಂದು ಹೆಜ್ಜೆಗೆ ಮುಗಿಯುವ ಸಮಸ್ಯೆ. ಓಡುವವರು ನೆಗೆಯುತ್ತಾರೆ, ಮಕ್ಕಳಿಗಂತೂ ಅದೇ ಆಟ. ನಿಂತುಹೋದದ್ದು ಗಾಲಿಕುರ್ಚಿ ಮಾತ್ರ. ಕುರ್ಚಿ ಸಮೇತ ಎತ್ತಿ ದಾಟಿಸುತ್ತೇನೆ ಎಂದು ಕೈ ಹಾಕಿದರೆ ಅಕ್ಕ ಸಿಡುಕಿದಳು: "ನಾನೇನು ಬೀರುನಾ? ಇಳಿಸೋ ಸುಮ್ನೆ!"

ನಿಮ್ಮ ಕಚೇರಿಗೆ ದೂರು ಬರೆದುಕೊಟ್ಟು ತಿಂಗಳು ಕಾದೆ. ಆಮೇಲೆ ಕೈಕಟ್ಟಿ ಕೂರಲಾರದೆ, ಅಳತೆ ತೆಗೆದು, ಗಟ್ಟಿ ಮರ ಕೊಯ್ದು, ಕೀಸುಳಿ ಹಾಕಿ ನಯಮಾಡಿ, ಗಾಲಿ ಜಾರದಿರಲೆಂದು ಅಡ್ಡಗೀರು ಕೊರೆದು ಹಲಗೆ ಜೋಡಿಸಿ ಬಂದೆ. ಎರಡು ಭಾನುವಾರ ಅಕ್ಕ ಅದರ ಮೇಲೆ ಹೋಗಿಬಂದಳು. ಮೂರನೆಯ ಭಾನುವಾರ ಹಲಗೆ ಮಾಯ. ಅದೇ ಹಳೆಯ ಕಂಡಿ, ಪಕ್ಕದಲ್ಲೊಂದು ಹೊಸ ಫಲಕ: 'ಅನಧಿಕೃತ ಹಲಗೆಯನ್ನು ತೆರವುಗೊಳಿಸಲಾಗಿದೆ.'

ಆಹಾ! ಕೊಳೆತ ಹಲಗೆ ತಿಂಗಳುಗಟ್ಟಲೆ ಕಾಣದ ಕಣ್ಣಿಗೆ ಗಟ್ಟಿ ಹಲಗೆ ಹದಿನೈದೇ ದಿನದಲ್ಲಿ ಬಿತ್ತಲ್ಲ! ಸ್ಕ್ರೂ ಬಿಚ್ಚಿದವರು, ಹಲಗೆ ಹೊತ್ತವರು, ಫಲಕ ನೆಟ್ಟವರು, ಇಷ್ಟು ಜನ ಬಂದಿದ್ದರಲ್ಲ, ಅವರಲ್ಲಿ ಒಬ್ಬರಿಗಾದರೂ ಕಂಡಿ ಮುಚ್ಚುವ ಅಧಿಕಾರ ಇರಲಿಲ್ಲವೇ? ನನ್ನ ಕೆಲಸದಲ್ಲಿ ಏನಾದರೂ ಕೊರತೆಯೇ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ.

"ಅಯ್ಯೋ, ಹಲಗೆ ಫಸ್ಟ್‌ಕ್ಲಾಸಾಗಿದೆ. ಆದ್ರೆ ನಮ್ಮ ಫೈಲಲ್ಲಿ ಇಲ್ವಲ್ಲ."

"ಮುರಿದಿದ್ದು ಇದ್ಯಾ?"

"ಇದೆಯಲ್ಲ. ಸುಸ್ಥಿತಿಯಲ್ಲಿದೆ ಅಂತ ಬರ್ದಿದೆ."

ಅಂದರೆ ಕಾಗದದ ಪ್ರಕಾರ ಅಲ್ಲಿ ಕಂಡಿಯೇ ಇಲ್ಲ. ಇಲ್ಲದ ಕಂಡಿಯನ್ನು ಮುಚ್ಚಿದ್ದು ನನ್ನ ಅಪರಾಧ, ಒಪ್ಪಿದೆ. ನಾವು ಮಾತನಾಡುತ್ತಿದ್ದಾಗ ನನ್ನ ಹಲಗೆ ಅಲ್ಲೇ ಎರಡು ಸ್ಟೂಲಿನ ಮೇಲೆ ನಿಮ್ಮ ಫೈಲುಗಳ ರಾಶಿ ಹೊತ್ತು ಮಲಗಿತ್ತು. ಅಷ್ಟು ಭಾರಕ್ಕೂ ಒಂದು ಕೂದಲೆಳೆಯಷ್ಟೂ ಬಾಗಿರಲಿಲ್ಲ. ಹೊಟ್ಟೆಯೊಳಗೆ ಸಿಟ್ಟಿದ್ದರೂ ಬಡಗಿಯ ಮನಸ್ಸು ಸ್ವಲ್ಪ ಹಿಗ್ಗಿತು.

ಈಗ ತಮಾಷೆ ಸಾಕು. ದೂರದಿಂದ ಬಂದ ಹಕ್ಕಿಗಳು ತಿಂಗಳ ಕೊನೆಗೆ ಹೊರಡುತ್ತವೆ. ಕತ್ತಲಿರುವಾಗಲೇ ಎದ್ದು ನನ್ನನ್ನು ಎಬ್ಬಿಸುತ್ತಿದ್ದ ಅಕ್ಕ ಈಗ ಭಾನುವಾರ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. "ಹಕ್ಕಿ ಹುಚ್ಚು ಬಿಟ್ಟೋಯ್ತು ಕಣೋ, ನೀನು ಬೇಜಾರು ಮಾಡ್ಕೋಬೇಡ" ಎಂದು ನನಗೇ ಸಮಾಧಾನ ಹೇಳುತ್ತಾಳೆ.

ನನಗೆ ಹೆಸರು ಬೇಡ. ಹಲಗೆ ನಿಮ್ಮದೆಂದೇ ಬರೆದುಕೊಳ್ಳಿ. ಬೇಕಿದ್ದರೆ ಉದ್ಘಾಟನೆ ಇಟ್ಟುಕೊಳ್ಳಿ, ರಿಬ್ಬನ್ನು ನಾನೇ ತರುತ್ತೇನೆ. ಶನಿವಾರ ಸಂಜೆಯೊಳಗೆ ಅದು ಅಲ್ಲಿರಬೇಕು. ಆಗದಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಅಕ್ಕನಿಗೆ ನೀವೇ ಕಾರಣ ಹೇಳಿ. 'ಆಫೀಸಿನವರು ಹಾಕ್ತಾರಂತೆ, ಮುಂದಿನ ವಾರ ಹೋಗೋಣ' ಎಂದು ಐದು ವಾರದಿಂದ ನಾನು ಸುಳ್ಳು ಹೇಳಿದ್ದೇನೆ. ಅವಳು ಒಂದು ಸಲವೂ ನಂಬಲಿಲ್ಲ. ನನಗೆ ನೋವಾಗದಿರಲೆಂದು ಐದು ಸಲವೂ ತಲೆಯಾಡಿಸಿದಳು.

ಇಂತಿ,
ನಿಮ್ಮ ಫೈಲಿನಲ್ಲಿಲ್ಲದ ಒಬ್ಬ ಬಡಗಿ